ಮಗುವಿನ ಮೈಮೇಲಿನ ಕಲೆ ಓದುವವರು ಯಾರು?

ಆಡಿ ಓಡುವ ಮಗುವಿನ ಮೊಣಕಾಲು ತರಚುವುದು, ಹಣೆಯ ಮೇಲೆ ಬುಗುಟು ಏಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಇನ್ನೂ ಬೋರಲು ಬೀಳಲೂ ಬಾರದ ಮೂರು ತಿಂಗಳ ಕೂಸಿನ ಕಿವಿಯ ಮೇಲೆ ನೀಲಿಗಟ್ಟಿದ ಗುರುತು ಕಂಡರೆ ಮಾತು ಬೇರೆ. 2010ರಲ್ಲಿ ಅಮೆರಿಕದ ವೈದ್ಯರು ಇದಕ್ಕೊಂದು ಸರಳ ಸೂತ್ರ ಕೊಟ್ಟರು: ನಾಲ್ಕು ವರ್ಷದವರೆಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ ಅಥವಾ ಕತ್ತಿನ ಮೇಲೆ ಅಂಥ ಗುರುತಿದ್ದು, ಅದಕ್ಕೆ ತಕ್ಕ ಕಾರಣ ಸಿಗದಿದ್ದರೆ ಅನುಮಾನಿಸಿ. ನಾಲ್ಕು ತಿಂಗಳು ತುಂಬದ ಕೂಸಾದರೆ, ಮೈಮೇಲೆ ಎಲ್ಲಿದ್ದರೂ ಅನುಮಾನಿಸಿ.

ಕಲಿಸದೆ ಇದು ಕಣ್ಣಿಗೆ ಬೀಳುವುದಿಲ್ಲ. ಡೆನ್ವರ್‌ನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲಿ ಪೆಟ್ಟು ತಿಂದ ಮಕ್ಕಳ ಬಗ್ಗೆ ಪ್ರಬಂಧ ಬರೆಯುವವರೆಗೆ, ಹಳೆಯದೂ ಹೊಸದೂ ಆದ ಮೂಳೆಮುರಿತಗಳು ಒಂದೇ ಎಕ್ಸ್‌ರೇಯಲ್ಲಿ ಕಂಡರೂ ‘ಬಿದ್ದಿತ್ತು’ ಎಂಬ ಮಾತನ್ನು ನಂಬುವ ವೈದ್ಯರಿದ್ದರು. ಪ್ರಬಂಧ ಬಂದ ಐದೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಪ್ರಕರಣಗಳನ್ನು ವರದಿ ಮಾಡುವ ಬಗ್ಗೆ ಕಾನೂನು ತಂದವು.

ನಮ್ಮಲ್ಲೂ ಕಾನೂನಿಗೆ ಕೊರತೆಯಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು; ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಪುರಾವೆ ಹುಡುಕುವುದು ಪೊಲೀಸರ ಕೆಲಸ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೊಡೆತ, ಹಸಿವು, ಆರೈಕೆಯಿಲ್ಲದೆ ಬಿಡುವಂಥ ಕ್ರೌರ್ಯಕ್ಕೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ಹಾಸ್ಟೆಲಿನ ಬಾಲಕಿಯರ ಮೇಲೆ ದೌರ್ಜನ್ಯ ನಡೆದ ಪ್ರಕರಣ ನೆನಪಿಡಬೇಕಾದದ್ದು. ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂದು ವೈದ್ಯರೊಬ್ಬರ ಮೇಲೆ ಹೂಡಿದ್ದ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದಿತು.

ಆದರೆ ಶಿಕ್ಷೆಯ ಭಯವೊಂದೇ ಯಾರಿಗೂ ಕೇಳಿಸಿಕೊಳ್ಳುವುದನ್ನು ಕಲಿಸದು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಹೆಚ್ಚಿನ ಮಕ್ಕಳು ತಮ್ಮ ಮೇಲಿನ ದೌರ್ಜನ್ಯವನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದ ಮಗುವಿಗೆ ‘ಮಾವ ನಿನ್ನ ಮುಟ್ಟಿದನಾ?’ ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ತುರುಕಿದಂತೆ. ‘ಆಮೇಲೆ ಏನಾಯ್ತು?’ ಎಂದು ಕೇಳಿ ಸುಮ್ಮನಿರಬೇಕು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು, ಏಕೆಂದರೆ ಹೇಳಲೇಬೇಕಾಗುತ್ತದೆ. ಹತ್ತು ಜನರ ಮುಂದೆ ಅದೇ ಕಥೆ ಹೇಳಿಸಬಾರದು. ಮಕ್ಕಳೊಡನೆ ಕೆಲಸ ಮಾಡುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ‘ಸಂವಾದ್’ ಕಾರ್ಯಕ್ರಮ 2020ರಿಂದ ತರಬೇತಿ ಕೊಡುತ್ತಿದೆ. ಅಂಗನವಾಡಿ ಕಾರ್ಯಕರ್ತೆ, ಪಿಟಿ ಮೇಷ್ಟ್ರು, ಶಾಲಾ ವಾಹನದ ಚಾಲಕ, ಎಲ್ಲರಿಗೂ ಇಂಥದ್ದು ಸಿಗಬೇಕು.

ಮಕ್ಕಳೊಡನೆ ಒಡನಾಡುವ ಸಂಸ್ಥೆಗಳು ಸಿಬ್ಬಂದಿಗೆ ಕಾಲಕಾಲಕ್ಕೆ ತರಬೇತಿ ಕೊಡಿಸಬೇಕೆಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ. ಮುಂದಿನ ಪೋಷಕರ ಸಭೆಯಲ್ಲಿ, ನಿಮ್ಮ ಮಗುವಿನ ಶಾಲೆಯಲ್ಲಿ ಅದು ಕೊನೆಯ ಸಲ ನಡೆದದ್ದು ಯಾವಾಗ ಎಂದು ಕೇಳಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ.