ಕೊಡೆಯ ಕೆಳಗೆ ತೂತುಳ್ಳ ಅಣಬೆ

ಮುಂಗಾರಿನ ಮಳೆ ಬಿದ್ದು ಬಿಸಿಲು ಕಾದರೆ ಸಾಕು, ರಾರಾವಿಯ ಸುತ್ತಿನ ಬಣವೆಗಳ ಬುಡದಲ್ಲಿಯೂ ತಿಪ್ಪೆಗಳ ಮೇಲೆಯೂ ನಾಯಿಕೊಡೆಗಳು ಏಳುತ್ತವೆ. ಒಂದನ್ನು ಕಿತ್ತು ತಿರುವಿ ನೋಡಿರಿ. ಕೊಡೆಯ ಕೆಳಗೆ ಪುಸ್ತಕದ ಹಾಳೆಗಳಂತೆ ತೆಳು ಪದರಗಳು ಕಾಣುತ್ತವೆ. ಕಾಡಿನಲ್ಲಿ ಬೇರೊಂದು ಬಗೆಯುಂಟು. ಅದಕ್ಕೆ ಪದರಗಳಿಲ್ಲ; ಜೇನುಹುಟ್ಟಿನಂತೆ ಸಣ್ಣ ತೂತುಗಳಿರುತ್ತವೆ. ಇದನ್ನು ಶಾಸ್ತ್ರಜ್ಞರು ಬೊಲೀಟ್ ಎನ್ನುತ್ತಾರೆ.

ನಮ್ಮ ಎರೆಹೊಲದಲ್ಲಿ ಇದು ಏಕೆ ಕಾಣುವುದಿಲ್ಲ? ಹೆಚ್ಚಿನ ಬೊಲೀಟ್‌ಗಳು ಮರದ ಬೇರಿನೊಡನೆ ಕೂಡು ಬೇಸಾಯ ಮಾಡುತ್ತವೆ. ಅಣಬೆಯ ನೂಲಿನಂಥ ಎಳೆಗಳು ಬೇರಿನ ತುದಿಯನ್ನು ಸುತ್ತಿಕೊಂಡು ಮಣ್ಣಿನ ನೀರು, ರಂಜಕಗಳನ್ನು ಮರಕ್ಕೆ ಒದಗಿಸುತ್ತವೆ. ಮರವು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಅವಕ್ಕೆ ಕೊಡುತ್ತದೆ. ಎಲ್ಲ ಮರಗಳೂ ಈ ಪಾಲುದಾರಿಕೆಗೆ ಬರುವುದಿಲ್ಲ. ಪಶ್ಚಿಮ ಘಟ್ಟದ ಸಾಲುಧೂಪದಂಥ ಮರಗಳು ಬರುತ್ತವೆ, ನಮ್ಮ ಬೇವು ಬರುವುದಿಲ್ಲ. ಫ್ಲೆಬೋಪಸ್ ಎಂಬ ದೊಡ್ಡ ಕಂದು ಬೊಲೀಟ್ ಮಾತ್ರ ಮರದ ಹಂಗಿಲ್ಲದೆಯೂ ಬದುಕಬಲ್ಲುದು. ಥೈಲೆಂಡ್ ಮತ್ತು ಚೀನದ ಯುನ್ನಾನಿನಲ್ಲಿ ಅದನ್ನು ಬೆಳೆಸಿ ತಿನ್ನುತ್ತಾರೆ.

ಮಲೆನಾಡಿಗೆ ಕೂಲಿಗೆ ಹೋದವರು ಇಂಥದನ್ನು ಕಂಡರೆ, ತೂತಿದ್ದರೆ ಒಳ್ಳೆಯದು, ಪದರವಿದ್ದರೆ ವಿಷ ಎಂದು ಎಣಿಸಬಾರದು. ಬೊಲೀಟ್‌ಗಳಲ್ಲಿಯೂ ವಾಂತಿ ಬರಿಸುವವು ಇವೆ. ಕೊಯ್ದಾಗ ತಿರುಳು ನೀಲಿಯಾಗುವುದು ಗಾಳಿ ತಗುಲಿದ್ದರಿಂದ. ಅದರಿಂದ ವಿಷವೆಂದೂ ಹೇಳಲಾಗದು, ವಿಷವಲ್ಲವೆಂದೂ ಹೇಳಲಾಗದು. ಇತ್ತ ತಿನ್ನುವ ಭತ್ತದ ಹುಲ್ಲಿನ ಅಣಬೆಗೂ ಪದರವೇ ಇದೆ. ಪ್ರಾಣ ತೆಗೆಯುವ ಅಮಾನಿಟಾ ಅಣಬೆ ಎಳೆಯದಿದ್ದಾಗ, ಅದೂ ಇದೂ ಮೊಟ್ಟೆಯಂಥ ಚೀಲದಲ್ಲಿಯೇ ಇರುತ್ತವೆ. ಅನುಭವಿಗಳೂ ಮೋಸಹೋಗುವುದು ಇಲ್ಲಿಯೇ. ಬೆಳ್ಳಿ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣಗೆಡುವುದು, ಹುಳು ತಿಂದಿರುವುದು, ಇವು ಯಾವುವೂ ಪರೀಕ್ಷೆಯಲ್ಲ. ಎಷ್ಟು ಬೇಯಿಸಿದರೂ ಅಮಾನಿಟಾದ ವಿಷ ಹೋಗುವುದಿಲ್ಲ.

ಆ ವಿಷ ತಡವಾಗಿ ಏರುತ್ತದೆ. ತಿಂದ 6ರಿಂದ 24 ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗುತ್ತವೆ. ಮರುದಿನ ಗುಣವಾದಂತೆ ತೋರುತ್ತದೆ. ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಆದುದರಿಂದ ಅಣಬೆ ತಿಂದು ವಾಂತಿಯಾದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಸಿರುಗುಪ್ಪದ ಆಸ್ಪತ್ರೆಗೆ ಹೊರಡಿರಿ. ಜೊತೆಗೆ ಉಂಡವರೆಲ್ಲರನ್ನೂ, ನೋವಿಲ್ಲದಿದ್ದರೂ, ಕರೆದುಕೊಂಡು ಹೋಗಿರಿ. ಉಳಿದ ಅಣಬೆಯನ್ನಾಗಲಿ, ಸೋಸಿ ಬಿಸಾಡಿದ ಚೂರನ್ನಾಗಲಿ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅದು ಬೇಗ ಕೊಳೆತು ಗುರುತು ಸಿಗದಾಗುತ್ತದೆ.