ಮೂಗು ತೋರಿದ ದಾರಿ

ಸಾಲ್ಮನ್ ಮೀನು ಹುಟ್ಟುವುದು ಬೆಟ್ಟದ ತಣ್ಣನೆಯ ತೊರೆಯಲ್ಲಿ, ಬೆಳೆಯುವುದು ಕಡಲಿನಲ್ಲಿ. ಮೊಟ್ಟೆಯಿಡುವ ಕಾಲಕ್ಕೆ ದೂರದ ಕಡಲಿನಿಂದ ಹೊರಟು, ಹತ್ತಾರು ಕವಲುಗಳನ್ನು ದಾಟಿ, ಹುಟ್ಟಿದ ತೊರೆಗೇ ಬಂದು ಸೇರುತ್ತದೆ. ಅದರ ಗುಟ್ಟು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು.

1940ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಆರ್ಥರ್ ಹ್ಯಾಸ್ಲರ್ ತಮ್ಮ ತವರು ಯೂಟಾದಲ್ಲಿ ಬೆಟ್ಟ ಹತ್ತುತ್ತಿದ್ದರು. ಇನ್ನೂ ಕಣ್ಣಿಗೆ ಬೀಳದ ಜಲಪಾತದ ಕಡೆಯಿಂದ ಪಾಚಿ, ಕಾಡುಹೂಗಳ ವಾಸನೆ ಹೊತ್ತ ತಂಗಾಳಿ ಬೀಸಿತು. ಮರೆತೇಹೋಗಿದ್ದ ಬಾಲ್ಯದ ಗೆಳೆಯರೆಲ್ಲ ಒಮ್ಮೆಗೇ ನೆನಪಾದರು. ಸಾಲ್ಮನ್‌ಗೂ ಹೀಗೆಯೇ ಆಗುತ್ತಿರಬಹುದೇ ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗ.

ಪ್ರತಿ ತೊರೆಗೂ ಅಲ್ಲಿನ ಮಣ್ಣು, ಗಿಡಮರಗಳಿಂದ ಬಂದ ತನ್ನದೇ ವಾಸನೆಯಿದೆ. ಮರಿ ಮೀನು ಅದನ್ನು ನೆನಪಿಟ್ಟುಕೊಂಡೇ ಕಡಲಿಗಿಳಿಯುತ್ತದೆ ಎಂಬ ವಾದವನ್ನು ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ 1951ರಲ್ಲಿ ಮುಂದಿಟ್ಟರು. ಅದನ್ನು ಒರೆಗೆ ಹಚ್ಚಲು ವಾಷಿಂಗ್ಟನ್ ರಾಜ್ಯದ ಇಸಕ್ವಾ ತೊರೆಯ ಎರಡು ಕವಲುಗಳಿಗೆ ಬಂದ ಕೋಹೊ ಸಾಲ್ಮನ್‌ಗಳನ್ನು ಹಿಡಿದರು. ಸುಮಾರು ಅರ್ಧದಷ್ಟು ಮೀನುಗಳ ಮೂಗಿಗೆ ಹತ್ತಿ ತುರುಕಿ, ಎಲ್ಲವನ್ನೂ ಕವಲೊಡೆಯುವ ಜಾಗಕ್ಕಿಂತ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವುಗಳಲ್ಲಿ ಹೆಚ್ಚಿನವು ಮೊದಲಿನ ಕವಲಿಗೇ ಮರಳಿದವು. ಮೂಗು ಕಟ್ಟಿಸಿಕೊಂಡವು ದಿಕ್ಕು ತಪ್ಪಿ ಚದುರಿದವು.

ಆದರೆ ಈ ನೆನಪು ಮರಿಯಾಗಿದ್ದಾಗಿನದೇ? 1970ರ ದಶಕದಲ್ಲಿ ಹ್ಯಾಸ್ಲರ್ ತಂಡ ಅದಕ್ಕೂ ಉತ್ತರ ಹುಡುಕಿತು. ಸಾಕಣೆ ಕೇಂದ್ರದ ಮರಿಗಳಿಗೆ ಮಾರ್ಫೋಲಿನ್ ಎಂಬ ರಾಸಾಯನಿಕದ ವಾಸನೆಯನ್ನು ಕೆಲವು ವಾರ ತೋರಿಸಿ, ಮಿಶಿಗನ್ ಸರೋವರಕ್ಕೆ ಬಿಟ್ಟರು. ಅವು ಬೆಳೆದು ಮೊಟ್ಟೆಯಿಡುವ ಕಾಲಕ್ಕೆ ಒಂದು ತೊರೆಗೆ ಅದೇ ರಾಸಾಯನಿಕವನ್ನು ತೊಟ್ಟು ತೊಟ್ಟಾಗಿ ಹರಿಸಿದರು. ಹಿಂದೆಂದೂ ಕಾಣದ ಆ ತೊರೆಗೆ ಮೀನುಗಳು ಏರಿ ಬಂದವು! ಬೇರೆ ವಾಸನೆಯಲ್ಲಿ ಬೆಳೆದವು ತಮ್ಮ ವಾಸನೆಯ ತೊರೆಯನ್ನು ಹುಡುಕಿ ಹೋದವು.

ನಡುಗಡಲಿಗೆ ತೊರೆಯ ವಾಸನೆ ಮುಟ್ಟದು. ಅಲ್ಲಿ ಭೂಮಿಯ ಕಾಂತಕ್ಷೇತ್ರ ನೆರವಾಗುತ್ತದೆ ಎಂಬುದಕ್ಕೆ ಕೆನಡಾದ ಫ್ರೇಸರ್ ನದಿಯ ಸಾಲ್ಮನ್‌ಗಳ ಕುರಿತ 2013ರ ಅಧ್ಯಯನ ಬಲ ತಂದಿತು. ಕರಾವಳಿಗೆ ಬಂದ ಮೇಲೆ ಮೂಗಿನದೇ ಆಡಳಿತ.

ಈ ತಿಳಿವಳಿಕೆಗೆ ಇಂದು ಬೆಲೆ ಬಂದಿರುವುದು ರಸ್ತೆಗಳಿಂದಾಗಿ. ಬ್ರೇಕ್ ಪ್ಯಾಡ್ ಸವೆದು ಉದುರುವ ತಾಮ್ರದ ಪುಡಿ ಮಳೆನೀರಿನ ಜೊತೆ ತೊರೆ ಸೇರುತ್ತದೆ. ನೀರಿನಲ್ಲಿ ಕರಗಿದ ತಾಮ್ರ ತೀರಾ ಕಡಿಮೆಯಿದ್ದರೂ ಸಾಲ್ಮನ್‌ನ ಮೂಗು ಮಂಕಾಗುತ್ತದೆ. 2010ರಲ್ಲಿ ವಾಷಿಂಗ್ಟನ್ ರಾಜ್ಯ ಬ್ರೇಕ್ ಪ್ಯಾಡ್‌ಗಳಲ್ಲಿ ತಾಮ್ರ ತಗ್ಗಿಸಲು ಕಾನೂನನ್ನೇ ತಂದಿತು. ಹೊಳೆ ಉಳಿಸುವ ಕೆಲಸ ಹೊಳೆಯ ದಡದಲ್ಲೇ ಮುಗಿಯುವುದಿಲ್ಲ. ಊರಿನ ರಸ್ತೆಯ ತನಕ ಬರಬೇಕು.