ಸಂದರ್ಶನಕ್ಕೆ ಹೊರಟವರಿಗೆ ಅಜ್ಜನ ನಾಲ್ಕು ಮಾತು

ಮನೆಗೆ ‘ಇಂಟರ್‌ವ್ಯೂ’ಗೆ ಬನ್ನಿ ಎಂಬ ಪತ್ರ ಬಂದರೆ ಸಾಕು, ದೊಡ್ಡವರಿಗೆ ಹರಕೆ ನೆನಪಾಗುತ್ತದೆ, ಹೋಗಬೇಕಾದವರಿಗೆ ಹೊಟ್ಟೆಯಲ್ಲಿ ಕಳವಳ ಶುರುವಾಗುತ್ತದೆ. ನಾನು ನಿವೃತ್ತನಾಗುವ ಮೊದಲು ಕೆಲವು ವರ್ಷ ಒಂದು ಸಹಕಾರಿ ಸಂಘದ ನೇಮಕಾತಿ ಸಮಿತಿಯಲ್ಲಿ ಕೂತಿದ್ದೆ. ಪ್ರಶ್ನೆ ಕೇಳುವವರ ಕಡೆಯಿಂದ ಕಂಡದ್ದನ್ನು ಇಲ್ಲಿ ಹೇಳುತ್ತೇನೆ. ಮಕ್ಕಳೇ, ಇದು ನಿಮಗೆ ಮುಂದೊಂದು ದಿನ ಬೇಕಾಗುತ್ತದೆ. ಅಜ್ಜ-ಅಜ್ಜಿಯರೇ, ನಿಮಗೆ ಇವತ್ತೇ ಕೆಲಸವಿದೆ.

ಮೊದಲ ಮಾತು: ನಿಮ್ಮ ಅರ್ಜಿಯನ್ನು ನೀವೇ ಓದಿ. ‘ಹವ್ಯಾಸ: ಪುಸ್ತಕ ಓದುವುದು’ ಎಂದು ಬರೆದವರನ್ನು, ಈಚೆಗೆ ಓದಿದ ಪುಸ್ತಕ ಯಾವುದೆಂದು ಕೇಳಿದರೆ ಎಷ್ಟೋ ಜನ ಸೂರು ನೋಡುತ್ತಿದ್ದರು. ಅರ್ಜಿಯಲ್ಲಿ ಬರೆದ ಪ್ರತಿಯೊಂದು ಸಾಲೂ ಒಂದು ಪ್ರಶ್ನೆಯೇ.

ಎರಡನೆಯದು: ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ. ಇದು ಬಂದೇ ಬರುತ್ತದೆ. ನನ್ನ ಮೊಮ್ಮಗಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಓದಿಗೆ ಮಾಡಿದ ಸಾಲದ ಕಂತು ಆಗಲೇ ಶುರುವಾಗಿತ್ತು, ಕೆಲಸ ಬೇಕೇ ಬೇಕಿತ್ತು. ರಾತ್ರಿ ಊಟವಾದ ಮೇಲೆ ನಾನೂ ಅವಳ ಅಜ್ಜಿಯೂ ಸಮಿತಿಯವರಂತೆ ಕೂತು ಪ್ರಶ್ನೆ ಕೇಳುತ್ತಿದ್ದೆವು.

“ನನ್ನ ಬಗ್ಗೆ ಹೇಳೋಕೆ ಏನಿದೆ ಅಜ್ಜ?” ಎಂದಳು.

“ಹೋದ ಬೇಸಿಗೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಸರಿ ಮಾಡಿದವಳು ಯಾರೇ? ತೋಟ ಒಣಗೋದು ತಪ್ಪಲಿಲ್ವಾ?” ಎಂದಳು ಅಜ್ಜಿ.

ಅದೇ ಉತ್ತರವಾಯಿತು. ತೊಂದರೆ ಏನಿತ್ತು, ತಾನು ಏನು ಮಾಡಿದೆ, ಕೊನೆಗೆ ಏನಾಯಿತು ಎಂಬ ಮೂರು ಮೆಟ್ಟಿಲು. ‘ನಾನು ಶ್ರಮಜೀವಿ’ ಎಂದು ಹತ್ತು ಸಲ ಹೇಳುವುದಕ್ಕಿಂತ ಇಂಥ ಒಂದು ನಿಜ ಸಂಗತಿ ಹೆಚ್ಚು ತೂಗುತ್ತದೆ.

ಮೂರನೆಯದು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. “ಇದು ನನಗೆ ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ” ಎಂದ ಹುಡುಗನಿಗೆ ನಾವು ಅಂಕ ಕಳೆಯುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದವನನ್ನು ಮುಂದಿನ ಪ್ರಶ್ನೆಯೇ ಹಿಡಿದುಹಾಕುತ್ತಿತ್ತು. ಇಂಗ್ಲಿಷಿನ ಭಯವೂ ಬೇಡ. ಕೆಲಸಕ್ಕೆ ಇಂಗ್ಲಿಷ್ ಬೇಕಿದ್ದರೆ ಕಲಿಯಲೇಬೇಕು, ಆದರೆ ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿದರೆ ಸಾಕು. ದೇಶದ ದೊಡ್ಡ ಪರೀಕ್ಷೆಯಾದ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲೇ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಲು ಅವಕಾಶವಿದೆ. ಅಲ್ಲಿ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕೆ 275.

ನಾಲ್ಕನೆಯದು: ಹಿಂದಿನ ದಿನದ ಸಿದ್ಧತೆ. ಮೂಲ ಅಂಕಪಟ್ಟಿಗಳು, ಜೆರಾಕ್ಸ್ ಪ್ರತಿಗಳು, ಫೋಟೊ, ಪೆನ್ನು ಒಂದೇ ಫೈಲಿನಲ್ಲಿರಲಿ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಕು, ಹೊಸದೇ ಬೇಕೆಂದಿಲ್ಲ. ಅರ್ಧ ಗಂಟೆ ಮುಂಚೆ ತಲುಪುವ ಬಸ್ಸು ಹಿಡಿಯಿರಿ. ಆ ಸಂಸ್ಥೆ ಏನು ಮಾಡುತ್ತದೆಂದು ತಿಳಿದುಕೊಂಡು ಹೋಗಿ. “ಏನಾದರೂ ಕೇಳುವುದಿದೆಯೇ?” ಎಂದರೆ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ. ಮೊಬೈಲಿನಲ್ಲಿ ಸಂದರ್ಶನವಾದರೆ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿ. ಆ ಹೊತ್ತು ಮನೆಯವರು ಕುಕ್ಕರ್ ಇಡಬೇಡಿ!

ಇಷ್ಟೆಲ್ಲ ಮಾಡಿದರೂ ಕೆಲಸ ಸಿಗದೇ ಹೋಗಬಹುದು. ಅಬ್ದುಲ್ ಕಲಾಂ ಅವರಿಗೆ ಪೈಲಟ್ ಆಗುವ ಆಸೆಯಿತ್ತು. ಡೆಹ್ರಾಡೂನ್‌ನಲ್ಲಿ ವಾಯುಪಡೆಯ ಆಯ್ಕೆಗೆ ಹೋದಾಗ 25 ಮಂದಿಯಲ್ಲಿ ಅವರದು 9ನೇ ಸ್ಥಾನ, ಆಯ್ಕೆಯಾದವರು 8 ಮಂದಿ. ಒಂದೇ ಸ್ಥಾನದಿಂದ ತಪ್ಪಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ರಾಕೆಟ್ ಎಂಜಿನಿಯರ್ ಹುದ್ದೆಗೆ ಅವರನ್ನು ಸಂದರ್ಶಿಸಿದವರಲ್ಲಿ ವಿಕ್ರಮ್ ಸಾರಾಭಾಯ್ ಇದ್ದರು. ಆ ಸಂದರ್ಶನ ಅವರನ್ನು ಬಾಹ್ಯಾಕಾಶದ ಕೆಲಸಕ್ಕೆ ತಂದಿತು. 1980ರಲ್ಲಿ ಅವರ ಮುಂದಾಳ್ತನದ ಎಸ್‌ಎಲ್‌ವಿ-3 ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 2002ರಲ್ಲಿ ಅವರು ರಾಷ್ಟ್ರಪತಿಯಾದರು.

ನನ್ನ ಮೊಮ್ಮಗಳಿಗೂ ಮೊದಲ ಕಂಪನಿಯಲ್ಲಿ ಕೆಲಸ ಸಿಗಲಿಲ್ಲ. ಆ ಸಂಜೆ ನಾವು “ಯಾಕೆ ಹೀಗಾಯ್ತು?” ಎಂದು ಕೇಳಲಿಲ್ಲ. ಅಜ್ಜಿ ಬಿಸಿ ರೊಟ್ಟಿ ಬಡಿಸಿದಳು. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಮರುದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಎರಡನೇ ಕಂಪನಿಯಲ್ಲಿ ಅವುಗಳಲ್ಲಿ ಮೂರು ಮತ್ತೆ ಬಂದವಂತೆ. ಕೆಲಸವೂ ಆಯಿತು.

ಹಿರಿಯರೇ, “ಇದು ಸಿಗದಿದ್ದರೆ ಮನೆ ಗತಿ ಏನು?” ಎಂಬ ಮಾತನ್ನು ಹೊರಡುವ ಹೊತ್ತಿನಲ್ಲಿ ಆಡಬೇಡಿ. ಮಕ್ಕಳಿಗೆ ಅದು ಗೊತ್ತೇ ಇರುತ್ತದೆ. ಮಕ್ಕಳೇ, ಈ ಭಾನುವಾರ ಅಜ್ಜ-ಅಜ್ಜಿಯ ಎದುರು ಐದು ನಿಮಿಷ ಕೂತು ನಿಮ್ಮ ಬಗ್ಗೆ ಹೇಳಿ. ಆಮೇಲೆ ಅವರನ್ನೂ ಕೂರಿಸಿ, ಅವರ ಮೊದಲ ಕೆಲಸ ಹೇಗೆ ಸಿಕ್ಕಿತೆಂದು ಕೇಳಿ.